ಕ್ಯೂ ಬಂತು, ಯು ಇಲ್ಲ. ಏನು ಮಾಡೋದು?

ಪ್ರಶ್ನೆ: ಅಕ್ಷರ ಜೋಡಿಸಿ ಇಂಗ್ಲಿಷ್ ಪದ ಕಟ್ಟುವ ಸ್ಕ್ರ್ಯಾಬಲ್ ಆಟ ಆಡುವಾಗ ಕ್ಯೂ ಅಕ್ಷರ ಕೈಗೆ ಬಂದರೆ ತಲೆನೋವು. ಯು ಇಲ್ಲದೆ ಬರೀ ಕ್ಯೂ ಇರುವ ಇಂಗ್ಲಿಷ್ ಪದಗಳು ನಿಜವಾಗ್ಲೂ ಇವೆಯಾ? ಚಿಕ್ಕವು ಹೇಳಿ, ಉದ್ದದ್ದು ನೆನಪಿರಲ್ಲ.

ಉತ್ತರ: ಇವೆ. ಮೊದಲು ಕಲಿಯಬೇಕಾದ್ದು ಕ್ಯೂ-ಐ, ಎರಡೇ ಅಕ್ಷರ. ಓದುವುದು 'ಚೀ' ಅಂತ. ಚೀನೀ ಭಾಷೆಯಿಂದ ಬಂದದ್ದು, ಪ್ರಾಣಶಕ್ತಿ ಅಂತ ಅರ್ಥ. ಕ್ಯೂ ಒಂದಕ್ಕೇ 10 ಅಂಕ, ಅಂಕ ಮೂರು ಪಟ್ಟಾಗುವ ಟ್ರಿಪಲ್ ಮನೆ ಮೇಲೆ ಕೂತರೆ ಕೇಳೋದೇ ಬೇಡ.

ಉತ್ತರ: ಫಕೀರ್ ಪದವನ್ನು ಎಫ್-ಎ-ಕ್ಯೂ-ಐ-ಆರ್ ಅಂತಲೂ ಬರೆಯಬಹುದು. ನಿಕಾಬ್‌ನಲ್ಲೂ ಕ್ಯೂ ಇದೆ. ಅರಬ್ಬಿಯಲ್ಲಿ ಗಂಟಲಿನ ಆಳದಿಂದ ಬರುವ ಒಂದು 'ಕ' ಇದೆ ಅಲ್ವಾ, ಅದನ್ನು ಇಂಗ್ಲಿಷಿನಲ್ಲಿ ಕ್ಯೂ ಹಾಕಿ ತೋರಿಸುತ್ತಾರೆ, ಅದಕ್ಕೇ ಇಂಥ ಪದಗಳು ಅಲ್ಲಿಂದ ಜಾಸ್ತಿ ಬಂದಿವೆ. ಇರಾಕ್, ಕತಾರ್ ಮಾತ್ರ ಇಡಬೇಡಿ, ಹೆಸರುಗಳು ನಡೆಯಲ್ಲ.

ಉತ್ತರ: ಸುಮ್ನೆ ಒಂದು ಮಾತು. ಈ ಕ್ಯೂ-ಯು ಜೋಡಿ ಇಂಗ್ಲಿಷಿಗೆ ಹುಟ್ಟಿನಿಂದ ಬಂದದ್ದಲ್ಲ. ಹಳೆಯ ಇಂಗ್ಲಿಷಿನಲ್ಲಿ ಕ್ವೀನ್ ಪದ ಸಿ ಅಕ್ಷರದಿಂದ ಶುರುವಾಗುತ್ತಿತ್ತು. 1066ರಲ್ಲಿ ಫ್ರಾನ್ಸ್ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ರೂಢಿ ಬಂತು.

ಪ್ರಶ್ನೆ ಕೇಳಿದವರು: ಕ್ಯೂ-ಐ ಸಾಕು ನನಗೆ! ಎದುರಿನವರು ಒಪ್ಪದಿದ್ದರೆ?

ಉತ್ತರ: ಯಾವ ನಿಘಂಟು ಅಂತ ಆಟಕ್ಕೆ ಮುಂಚೆಯೇ ಮಾತಾಡಿಕೊಳ್ಳಿ.