ಹೆಸರು ಹೇಳದ ಮಕ್ಕಳು: ಕೊರೊನಾ ನಂತರದ ಗೆಳೆತನ ಕುರಿತು ಒಂದು ಚರ್ಚೆ

ಪ್ರೌಢಶಾಲೆ ಮೇಷ್ಟ್ರು, ತುಮಕೂರು:
2024ರಲ್ಲಿ ಎಸ್ಸೆಸ್ಸೆಲ್ಸಿ ಬರೆದ ನಮ್ಮ ಬ್ಯಾಚಿನಲ್ಲಿ ಒಂದು ದಿನ ಪಾಠದ ನಡುವೆ ಮೊಬೈಲ್ ಸದ್ದಾಯಿತು. ಯಾರದ್ದೆಂದು ಕೇಳಿದರೆ ಒಬ್ಬರೂ ಬಾಯಿ ಬಿಡಲಿಲ್ಲ. ಹೊರಗೆ ನಿಲ್ಲಿ ಎಂದರೆ ಇಡೀ ತರಗತಿ ನಗುತ್ತಲೇ ಹೋಗಿ ನಿಂತಿತು. ಮೊದಲೆಲ್ಲ ಸಂಜೆಯೊಳಗೆ ಒಬ್ಬನಾದರೂ ಸ್ಟಾಫ್ ರೂಮಿಗೆ ಬಂದು ಗುಟ್ಟು ಹೇಳುತ್ತಿದ್ದ. ಇದನ್ನು ಗೆಳೆತನವೆನ್ನಬೇಕೋ, ನಮ್ಮ ಮೇಲಿನ ಬಂಡಾಯವೆನ್ನಬೇಕೋ?

ಅದೇ ಬ್ಯಾಚಿನ ವಿದ್ಯಾರ್ಥಿನಿ, ಶಿವಮೊಗ್ಗ:
ಸರ್, ನಾವು ಆರನೇ ತರಗತಿಯ ಕೊನೆಯಲ್ಲಿದ್ದಾಗ ಶಾಲೆ ಮುಚ್ಚಿತು, ಏಳನೆಯದು ಬಹುಪಾಲು ಫೋನಿನಲ್ಲೇ ಕಳೆಯಿತು, 2021ರ ಸೆಪ್ಟೆಂಬರ್ 6ರಂದು ಮಾಸ್ಕ್ ಹಾಕಿಕೊಂಡು ಎಂಟನೆಯದಕ್ಕೆ ಬಂದು ಕೂತೆವು. ಆ ಅವಧಿಯಲ್ಲಿ ನಮಗೆ ಎರಡು ವಾಟ್ಸಾಪ್ ಗುಂಪುಗಳಿದ್ದವು: ಒಂದರಲ್ಲಿ ಟೀಚರ್ ಹೋಮ್‌ವರ್ಕಿನ ಫೋಟೊ ಹಾಕುತ್ತಿದ್ದರು, ಇನ್ನೊಂದರಲ್ಲಿ ಟೀಚರ್ ಇರಲಿಲ್ಲ. ಯಾರ ಮನೆಯಲ್ಲಿ ಅಪ್ಪನ ಸಂಬಳ ನಿಂತಿದೆ, ಯಾರ ಅಜ್ಜಿ ಆಸ್ಪತ್ರೆಯಲ್ಲಿದ್ದಾರೆ ಎಂಬುದು ನಮಗೆ ತಿಳಿಯುತ್ತಿದ್ದುದು ಎರಡನೆಯದರಲ್ಲಿ. ಅಲ್ಲಿದ್ದವರ ಹೆಸರನ್ನು ಬಿಟ್ಟುಕೊಡಲು ಹೇಗೆ ಮನಸ್ಸು ಬರುತ್ತದೆ?

ಸ್ವಯಂಸೇವಕ, ರಾಯಚೂರು:
ಇದು ಮನೆಗೊಂದು ಫೋನ್ ಇದ್ದವರ ಕಥೆ. ನಮ್ಮೂರಲ್ಲಿ ಇದ್ದ ಫೋನು ಅಪ್ಪನ ಜೊತೆ ಕೂಲಿಗೆ ಹೋಗುತ್ತಿತ್ತು. 2020ರ ಆಗಸ್ಟಿನಲ್ಲಿ, ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಬಂದು ಪಾಠ ಹೇಳುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಗುಡಿಯ ಕಟ್ಟೆಯ ಮೇಲೆ ಮಕ್ಕಳು ಮತ್ತೆ ಒಂದಾದರು, ಅಕ್ಟೋಬರಿನಲ್ಲಿ ಅದೂ ನಿಂತುಹೋಯಿತು. ಆಮೇಲೆ ಹತ್ತಿ ಬಿಡಿಸಲು ಹೋಗಿ ಕೈಯಲ್ಲಿ ಕಾಸು ಕಂಡ ಹುಡುಗ ಶಾಲೆಗೆ ಮರಳಿದಾಗ "ಕೈ ಕಟ್ಟಿ ಕೂರು" ಎಂದರೆ ಕೂರುವನೇ? ಅವನ ಸಿಟ್ಟನ್ನೂ ಬಂಡಾಯದ ಲೆಕ್ಕಕ್ಕೆ ಹಾಕಿ.

ಪ್ರೌಢಶಾಲೆ ಮೇಷ್ಟ್ರು, ತುಮಕೂರು:
ಒಪ್ಪುತ್ತೇನೆ, ಆದರೆ ಒಗ್ಗಟ್ಟೆಲ್ಲ ಒಳ್ಳೆಯದಲ್ಲ. ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಕುಸಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಉತ್ತರ ತೋರಿಸುವುದನ್ನೂ ಇವರು ಸ್ನೇಹವೆಂದೇ ಕರೆಯುತ್ತಿದ್ದರು.

ಇಬ್ಬರು ಮಕ್ಕಳ ತಾಯಿ, ಮೈಸೂರು:
ನಕಲು ಕೊರೊನಾದ ಜೊತೆ ಬಂದದ್ದಲ್ಲ ಮೇಷ್ಟ್ರೇ, ನಮ್ಮ ಕಾಲದಲ್ಲಿ ಕಿಟಕಿಯಿಂದ ಚೀಟಿ ಎಸೆಯುತ್ತಿದ್ದವರು ದೊಡ್ಡವರೇ. ನನ್ನ ಚಿಂತೆ ಬೇರೆ. ಮಗಳ ಗೆಳತಿಯೊಬ್ಬಳು ಊಟ ಬಿಟ್ಟಿದ್ದಳು. ಅವರ ಗೆಳತಿಯರ ಗುಂಪಿನ ಹುಡುಗಿಯರಿಗೆಲ್ಲ ಅದು ಗೊತ್ತಿತ್ತು, ಅವಳ ತಾಯಿಗೆ ಗೊತ್ತಿರಲಿಲ್ಲ. ಶಿವಮೊಗ್ಗದ ಹುಡುಗಿಯನ್ನು ಕೇಳುತ್ತೇನೆ: ಅಂಥ ವೇಳೆಯಲ್ಲಾದರೂ ನಿಮ್ಮಲ್ಲೊಬ್ಬರು ಬಾಯಿ ಬಿಡುತ್ತೀರಾ?

ಅದೇ ಬ್ಯಾಚಿನ ವಿದ್ಯಾರ್ಥಿನಿ, ಶಿವಮೊಗ್ಗ:
ಬಿಡುತ್ತೇವೆ ಆಂಟಿ, ಆದರೆ ಹೇಳಿದ ಮರುಕ್ಷಣವೇ ಅವಳ ಫೋನ್ ಕಿತ್ತುಕೊಳ್ಳದ ದೊಡ್ಡವರೊಬ್ಬರು ಸಿಗಬೇಕು.