ಅಪ್‌ಡೇಟ್: ಹೊಸ ಟಿವಿ ರಿಮೋಟ್ ಸರಿಯಾಯ್ತು, ಹಳೆಯದನ್ನು ಬಿಸಾಡಬೇಡಿ

ನಮ್ಮ ಆಂಡ್ರಾಯ್ಡ್ ಟಿವಿಗೆ ತಂದ ಹೊಸ ಮಾದರಿಯ ರಿಮೋಟಲ್ಲಿ ಪವರ್, ವಾಲ್ಯೂಮ್ ಬಿಟ್ಟು ಬೇರೆ ಯಾವ ಬಟನ್ನೂ ಕೆಲಸ ಮಾಡುದಿಲ್ಲ ಅಂತ ಕೇಳಿದ್ದೆ. ಈಗ ಎಲ್ಲ ಸರಿ ಉಂಟು.

ಪೇರಿಂಗ್ (ರಿಮೋಟನ್ನು ಟಿವಿಗೆ ಬ್ಲೂಟೂತಲ್ಲಿ ಜೋಡಿಸುದು) ಮಾಡಿ ಅಂದವರ ಮಾತೇ ಸರಿ. ಹಳೆಯದು ಪೂರ್ತಿ ಇನ್‌ಫ್ರಾರೆಡ್, ಅಂದರೆ ಕಣ್ಣಿಗೆ ಕಾಣದ ಬೆಳಕಿಂದ ಕೆಲಸ ಮಾಡುದು, ಸೆಲ್ ಹಾಕಿದ ಕೂಡಲೇ ನಡೀತದೆ. ಹೊಸದರಲ್ಲಿ ಪವರ್, ವಾಲ್ಯೂಮ್ ಮಾತ್ರ ಇನ್‌ಫ್ರಾರೆಡ್. ಹೋಮ್, ಬ್ಯಾಕ್, ಮೈಕ್ ಎಲ್ಲ ಬ್ಲೂಟೂತ್. ಸೆಟ್ಟಿಂಗ್ಸ್‌ನಲ್ಲಿ ‘ರಿಮೋಟ್ಸ್ ಆಂಡ್ ಆಕ್ಸೆಸರೀಸ್’ಗೆ ಹೋಗಿ ‘ಆಡ್ ಆಕ್ಸೆಸರಿ’ ಒತ್ತಿ, ಹೊಸ ರಿಮೋಟಲ್ಲಿ ಹೋಮ್ ಮತ್ತು ಬ್ಯಾಕ್ ಒಟ್ಟಿಗೆ ಲೈಟ್ ಮಿನುಗುವವರೆಗೆ ಹಿಡಿಯಬೇಕು. ಕೆಲವು ಕಂಪನಿಗಳಲ್ಲಿ ಈ ಜೋಡಿ ಬೇರೆ ಇರ್ತದೆ. ಆ ಮೆನುವಿಗೆ ಹೋಗ್ಲಿಕ್ಕೇ ಹಳೆ ರಿಮೋಟ್ ಬೇಕು! ಅದಿಲ್ಲದಿದ್ದರೆ ಯುಎಸ್‌ಬಿ ಮೌಸ್ ಚುಚ್ಚಿದರೂ ಆಗ್ತದೆ.

ಸೆಲ್ ಬದಲಾಯಿಸಿದ್ದು, ಟಿವಿಯ ಪ್ಲಗ್ ತೆಗೆದು ಹಾಕಿದ್ದು ಪ್ರಯೋಜನ ಆಗ್ಲಿಲ್ಲ. ಬಟನ್ ಒತ್ತುವಾಗ ರಿಮೋಟಿನ ತುದಿಯಲ್ಲಿ ಬೆಳಕು ಮಿನುಗ್ತದಾ ಅಂತ ಮೊಬೈಲ್ ಕ್ಯಾಮೆರಾದಲ್ಲಿ ನೋಡುವ ಪರೀಕ್ಷೆಯಿಂದ ಇನ್‌ಫ್ರಾರೆಡ್ ಮಾತ್ರ ಗೊತ್ತಾಗ್ತದೆ, ಬ್ಲೂಟೂತ್ ಅಲ್ಲ. ಅದಕ್ಕೂ ಸೆಲ್ಫಿ ಕ್ಯಾಮೆರಾ ಒಳ್ಳೆಯದು, ಹಿಂದಿನದರಲ್ಲಿ ಹೆಚ್ಚಾಗಿ ಆ ಬೆಳಕನ್ನು ತಡೆಯುವ ಫಿಲ್ಟರ್ ಇರ್ತದೆ.

ಹೋಲಿಸಿದರೆ: ಹೊಸದನ್ನು ಟಿವಿ ಕಡೆ ಹಿಡಿಯದೆಯೂ ಮೆನು ಓಡಿಸಬಹುದು, ಮಾತಾಡಿ ಹುಡುಕಬಹುದು. ಆದರೆ ನಂಬರ್ ಬಟನ್ ತೆಗೆದದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಪ್ರಾಯದವರು ಕತ್ತಲಲ್ಲೂ ಬೆರಳಲ್ಲೇ ಹುಡುಕಿ ಚಾನೆಲ್ ಹಾಕ್ತಿದ್ದರು.

ಮಂಗಳೂರಿನ ಮಳೆಗಾಲದ ತೇವಕ್ಕೆ ಹಳೆಯದರ ಸ್ಪ್ರಿಂಗ್‌ನಲ್ಲಿ ಹಸಿರು ಹಿಡಿದಿತ್ತು. ಇಯರ್ ಬಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿದ ಮೇಲೆ ಅದೂ ಚೆನ್ನಾಗಿ ನಡೀತಾ ಉಂಟು. ಎರಡನ್ನೂ ಒಟ್ಟಿಗೆ ಬಳಸಬಹುದು.