ಫೌಂಡ್ರಿಯ ಕಾಗದಪತ್ರಗಳಿಗೆ ಓಪನ್ ಸೋರ್ಸ್ ಸಾಕೇ, ಹಣ ಕೊಟ್ಟೇ ಕೊಳ್ಳಬೇಕೇ?

ಪ್ರಶ್ನೆ: ಉದ್ಯಮಬಾಗದವಳು

ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿರುವ ಫೌಂಡ್ರಿ, ಪ್ರೈವೇಟ್ ಲಿಮಿಟೆಡ್ ಕಂಪನಿ. ವಾಹನ ತಯಾರಕರಿಗೆ ಬೀಡುಕಬ್ಬಿಣದ ಬಿಡಿಭಾಗಗಳನ್ನು ಕೊಡುತ್ತೇವೆ. ಕಂಪ್ಯೂಟರ್ ಮುಂದೆ ಕೂರುವವರು ಹತ್ತು ಮಂದಿ. ಲೆಕ್ಕ ಟ್ಯಾಲಿಯಲ್ಲಿದೆ, ಅದರ ಬಗ್ಗೆ ತಕರಾರಿಲ್ಲ. ಉಳಿದ ಖರೀದಿ ಆದೇಶ, ಚಲನ್, ಡ್ರಾಯಿಂಗ್, ಸ್ಪೆಕ್ಟ್ರೋ ವರದಿ (ಲೋಹದಲ್ಲಿ ಯಾವ ಧಾತು ಎಷ್ಟಿದೆ ಎಂಬ ಪರೀಕ್ಷೆಯದು) ಎಲ್ಲವೂ ಅರ್ಧ ಬಾಕ್ಸ್ ಫೈಲುಗಳಲ್ಲಿ, ಅರ್ಧ ಯಾರದೋ ವಾಟ್ಸ್ಆ್ಯಪ್‌ನಲ್ಲಿ. ಈಚೆಗೆ ಗ್ರಾಹಕರ ಆಡಿಟರ್ ಬಂದು ಹಳೆಯ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹಕ್ಕೆ ಕೊಡುವ ಸಂಖ್ಯೆ) ಒಂದರ ವರದಿ ಕೇಳಿದರು. ಅದು ಕೈಗೆ ಸಿಕ್ಕಿದ್ದು ಅವರು ಊಟ ಮುಗಿಸಿ, ಚಹಾ ಕುಡಿದು, ಗಡಿಯಾರ ನೋಡತೊಡಗಿದ ಮೇಲೆ.

ಈಗ ಎರಡು ದಾರಿಗಳಿವೆ. ಒಂದು ಕಂಪನಿಯವರು ತಮ್ಮ ತಂತ್ರಾಂಶ ತೋರಿಸಿ ಹೋಗಿದ್ದಾರೆ; ಒಬ್ಬ ಬಳಕೆದಾರನಿಗೆ ತಿಂಗಳಿಗೆ ಇಷ್ಟೆಂದು ಬಾಡಿಗೆ. ಮಾಲೀಕರ ಮಗ ಮಾತ್ರ ಪೇಪರ್‌ಲೆಸ್-ಎನ್‌ಜಿಎಕ್ಸ್ ಎಂಬ, ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿಟ್ಟು ಹುಡುಕುವ ಓಪನ್ ಸೋರ್ಸ್ (ಮೂಲ ಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ) ತಂತ್ರಾಂಶ ಹಾಕೋಣ, ಪುಕ್ಕಟೆ ಎನ್ನುತ್ತಾನೆ. ನಾನು ಗುಣಮಟ್ಟ ವಿಭಾಗದವಳು. ಸರ್ವರ್ ಎಂದರೆ ಮೂಲೆಯಲ್ಲಿ ಗುಂಯ್‌ಗುಡುವ ಪೆಟ್ಟಿಗೆ ಎಂಬಷ್ಟೇ ಗೊತ್ತು. ಯಾವುದೇ ತಂದರೂ ಕೊನೆಗೆ ಬೈಸಿಕೊಳ್ಳುವವಳು ನಾನೇ. ಬಳಸಿದವರು ಏನು ಹೇಳುತ್ತೀರಿ?

ಉತ್ತರ: ಲೆಕ್ಕಿಗ

ಮೇಡಂ, ಬೆಲೆಗಿಂತ ಮೊದಲು ಎಷ್ಟು ವರ್ಷ ಇಡಬೇಕೆಂದು ನೋಡಿ. ಕಂಪನಿ ಕಾಯ್ದೆ 2013ರ 128ನೇ ಕಲಂ ಪ್ರಕಾರ ಲೆಕ್ಕಪುಸ್ತಕ ಮತ್ತು ವೋಚರುಗಳು ಎಂಟು ಆರ್ಥಿಕ ವರ್ಷ ಇರಬೇಕು. ಜಿಎಸ್‌ಟಿಯಲ್ಲಿ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು. ಜೊತೆಗೆ, ಕಂಪ್ಯೂಟರಿನಲ್ಲಿಟ್ಟ ಲೆಕ್ಕಪತ್ರಗಳ ಬ್ಯಾಕಪ್ ದಿನವೂ ಭಾರತದೊಳಗಿನ ಸರ್ವರಿಗೆ ಹೋಗಬೇಕೆಂದು ಕಂಪನಿ ಲೆಕ್ಕಪತ್ರ ನಿಯಮಗಳ 2022ರ ತಿದ್ದುಪಡಿ ಹೇಳುತ್ತದೆ. ಮಾರಲು ಬಂದವರನ್ನು ಅವರ ಸರ್ವರ್ ಎಲ್ಲಿದೆ ಎಂದು ಕೇಳಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ಉತ್ತರ: ಗೋಕುಲ ರಸ್ತೆಯ ಲೇತ್

ಹುಬ್ಬಳ್ಳಿಯಲ್ಲಿ ನಮ್ಮದು ಮಷಿನ್ ಶಾಪ್. ಪೇಪರ್‌ಲೆಸ್-ಎನ್‌ಜಿಎಕ್ಸ್ ಅನ್ನು ನಾನೇ ನಡೆಸುತ್ತಿದ್ದೇನೆ, ಆದ್ದರಿಂದ ಹೊಗಳಿಕೆ ಬೈಗುಳ ಎರಡಕ್ಕೂ ಹಕ್ಕಿದೆ.

ಬಿಲ್ಲು, ಚಲನ್, ಖರೀದಿ ಆದೇಶಗಳಿಗೆ ಅದು ಧಾರಾಳ ಸಾಕು. ಸ್ಕ್ಯಾನರ್ ಒಂದು ಫೋಲ್ಡರಿಗೆ ಹಾಕುತ್ತದೆ, ತಂತ್ರಾಂಶ ಅದನ್ನು ಎತ್ತಿಕೊಂಡು ಅಕ್ಷರ ಗುರುತಿಸಿ ಹುಡುಕುವಂತೆ ಮಾಡುತ್ತದೆ. ಮೂಲ ಕಡತವನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಪಿಡಿಎಫ್ ಇಡುತ್ತದೆ. ಅಕ್ಷರ ಓದುವ ಕೆಲಸ ಟೆಸೆರಾಕ್ಟ್‌ನದು. ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಸರಕು ಅದು. ಕನ್ನಡವನ್ನೂ ಓದುತ್ತದೆ, ಆದರೆ ಆ ಭಾಷೆಯ ಪ್ಯಾಕ್ ಅನ್ನು ನೀವೇ ಸೇರಿಸಬೇಕು.

ನಿಮ್ಮ ನಿಜವಾದ ತೊಂದರೆ ಬೇರೆ ಇದೆ ಎಂದು ನನ್ನ ಅನುಮಾನ. ಹೀಟ್ ನಂಬರನ್ನು ಪೆನ್ನಿನಲ್ಲಿ ಬರೆಯುತ್ತೀರಾ? ಹೌದಾದರೆ ಟೆಸೆರಾಕ್ಟ್ ಅದನ್ನು ಓದುವುದಿಲ್ಲ, ಅದು ಅಚ್ಚಿನ ಅಕ್ಷರಕ್ಕೆ ಮಾಡಿದ್ದು. ದುಬಾರಿ ತಂತ್ರಾಂಶವೂ ಕುಲುಮೆಯ ಪಕ್ಕ ನಿಂತು ಗೀಚಿದ ಅಂಕಿಯನ್ನು ನಂಬುವಂತೆ ಓದುವುದು ಕಷ್ಟ. ವರದಿಯ ಮೇಲೆ ಬಾರ್‌ಕೋಡ್ ಚೀಟಿ ಅಂಟಿಸಿ. ಪೇಪರ್‌ಲೆಸ್ ಅದನ್ನು ಓದಿ ಕ್ರಮಸಂಖ್ಯೆ ಕೊಡುತ್ತದೆ, ಬೇಕೆಂದರೆ ಒಂದೇ ಕಟ್ಟಿನಲ್ಲಿ ಸ್ಕ್ಯಾನ್ ಮಾಡಿದ ಕಾಗದಗಳನ್ನು ಅಲ್ಲಲ್ಲಿ ಬೇರ್ಪಡಿಸಿಯೂ ಕೊಡುತ್ತದೆ. ಹೀಟ್ ನಂಬರನ್ನು ಮಾತ್ರ ಒಬ್ಬರು ಕೂತು ಟೈಪ್ ಮಾಡಲೇಬೇಕು. ಆ ಒಬ್ಬರು ಯಾರೆಂದು ಮೊದಲು ತೀರ್ಮಾನಿಸಿ.

ಡ್ರಾಯಿಂಗುಗಳನ್ನು ನಾನು ಅದರಲ್ಲಿ ಇಟ್ಟಿಲ್ಲ. ಯಾವ ಪರಿಷ್ಕರಣೆ ಚಾಲ್ತಿಯಲ್ಲಿದೆ, ಯಾರು ಒಪ್ಪಿಗೆ ಕೊಟ್ಟರು ಎಂಬ ಲೆಕ್ಕಕ್ಕೆ ಮಾಡಿದ ತಂತ್ರಾಂಶವಲ್ಲ ಅದು. ಆ ಕೆಲಸಕ್ಕೆ ಓಪನ್ ಸೋರ್ಸ್‌ನಲ್ಲೇ ಮಾಯನ್ ಇಡಿಎಂಎಸ್ ಇದೆ: ಆವೃತ್ತಿ, ಚೆಕ್‌ಔಟ್ (ಒಬ್ಬರು ತಿದ್ದುವಾಗ ಇನ್ನೊಬ್ಬರು ತಿದ್ದದಂತೆ ತಡೆ), ಹಂತಹಂತದ ಅನುಮೋದನೆ ಎಲ್ಲ ಸಿಗುತ್ತವೆ. ಆದರೆ ಹೊಂದಿಸಲು ತಾಳ್ಮೆ ಬೇಕು.

ಇನ್ನೊಂದು ಮಾತು. ಪೇಪರ್‌ಲೆಸ್ ಕಡತಗಳನ್ನು ಗೂಢಲಿಪಿಯಲ್ಲಿಡದೆ ತೆರೆದೇ ಇಡುತ್ತದೆ. ಸಂಬಳದ ಪಟ್ಟಿ ಹಾಕುವುದಿದ್ದರೆ ಡಿಸ್ಕಿಗೇ ಬೀಗ ಹಾಕಿ.

ಉತ್ತರ: ಪೀಣ್ಯದಿಂದ

ನಾವು ಹಣ ಕೊಟ್ಟೇ ಕೊಂಡೆವು, ಪಶ್ಚಾತ್ತಾಪವಿಲ್ಲ. ಡ್ರಾಯಿಂಗ್ ಬದಲಾದರೆ ಹಳೆಯದು ತಾನಾಗಿ ಮರೆಗೆ ಸರಿಯುತ್ತದೆ. ಸರ್ವರ್ ಕೆಟ್ಟರೆ ಅದು ಅವರ ತಲೆನೋವು. ಪುಕ್ಕಟೆ ಎನ್ನುವವರು ಅದನ್ನು ನೋಡಿಕೊಳ್ಳುವವನ ಸಂಬಳವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉತ್ತರ: ಗೋಕುಲ ರಸ್ತೆಯ ಲೇತ್

ಸಂಬಳದ ಮಾತು ಒಪ್ಪಿದೆ ಸರ್. ಆದರೆ ಕಂಪನಿಗಳು ಕೈ ಬದಲಾಗುತ್ತವೆ. ಇಂಥ ಕಡತ ತಂತ್ರಾಂಶದ ಕಂಪನಿಗಳಲ್ಲೇ ಡಾಕ್ಯುವೇರ್ 2019ರಲ್ಲಿ ರಿಕೋ ಪಾಲಾಯಿತು, ಆಲ್ಫ್ರೆಸ್ಕೋ 2020ರಲ್ಲಿ ಹೈಲ್ಯಾಂಡ್ ಪಾಲಾಯಿತು. ಹೊಸ ಯಜಮಾನರು ದರ ಏರಿಸಿದರೆ ನೀವು ಹೊರಬರಬಲ್ಲಿರಾ? ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949 ಪ್ರಕಾರ, ಭಾಗದ ಅನುಮೋದನೆಯ ದಾಖಲೆಗಳನ್ನು ಆ ಭಾಗದ ಉತ್ಪಾದನೆ ಮತ್ತು ಸರ್ವಿಸ್ ನಡೆಯುವಷ್ಟು ಕಾಲ, ಅದರ ಮೇಲೆ ಒಂದು ಕ್ಯಾಲೆಂಡರ್ ವರ್ಷ ಇಡಬೇಕು. ಲಾರಿಯ ಒಂದು ಬಿಡಿಭಾಗ ಅನೇಕ ತಂತ್ರಾಂಶ ಕಂಪನಿಗಳಿಗಿಂತ ಹೆಚ್ಚು ಕಾಲ ಬದುಕುತ್ತದೆ. ಪೇಪರ್‌ಲೆಸ್‌ನಲ್ಲಿ ಒಂದೇ ಆಜ್ಞೆ ಕೊಟ್ಟರೆ ಎಲ್ಲ ಕಡತಗಳೂ ಅವುಗಳ ವಿವರಗಳೂ ಹೊರಗೆ ಬರುತ್ತವೆ.

ಪ್ರಶ್ನಿಸಿದವರು: ಉದ್ಯಮಬಾಗದವಳು

ಹೀಟ್ ನಂಬರ್ ಪೆನ್ನಿನಲ್ಲೇ, ಅದೂ ಎರಡನೇ ಪಾಳಿಯವರ ಅಕ್ಷರ ದೇವರಿಗೇ ಪ್ರೀತಿ. ಮಾಲೀಕರ ಮಗ ಸ್ನಾತಕೋತ್ತರ ಓದಿಗೆ ಜರ್ಮನಿಗೆ ಹೋಗುವ ತಯಾರಿಯಲ್ಲಿದ್ದಾನೆ ಎಂಬುದನ್ನೂ ಹೇಳಬೇಕಿತ್ತು. ಅವನು ಹೋದರೆ ಈ ಪೇಪರ್‌ಲೆಸ್ ಅನ್ನು ಯಾರು ನೋಡುವುದು?

ಉತ್ತರ: ಗೋಕುಲ ರಸ್ತೆಯ ಲೇತ್

ಹಾಗಿದ್ದರೆ ಅವನು ಇರುವಾಗಲೇ ಊರಿನ ಒಬ್ಬ ಕಂಪ್ಯೂಟರ್ ಸರ್ವಿಸ್‌ನವರಿಗೆ ವಾರ್ಷಿಕ ಗುತ್ತಿಗೆ ಕೊಡಿ. ಬ್ಯಾಕಪ್ಪಿನಿಂದ ಇನ್ನೊಂದು ಕಂಪ್ಯೂಟರಿಗೆ ಎಲ್ಲವನ್ನೂ ಮರಳಿ ತರುವುದನ್ನು ಅವರು ನಿಮ್ಮೆದುರು ಮಾಡಿ ತೋರಿಸಲಿ, ಹುಡುಗ ಪಕ್ಕದಲ್ಲಿ ಕೈಕಟ್ಟಿ ಕೂರಲಿ. ಅಂಥವರು ಸಿಗದಿದ್ದರೆ ಹಣ ಕೊಟ್ಟೇ ಕೊಳ್ಳಿ, ನಾನು ಬೇಡವೆನ್ನುವುದಿಲ್ಲ. ಸಹಿ ಮಾಡುವ ಮೊದಲು ನಿಮ್ಮದೇ ನೂರು ಕಾಗದ ಅದರೊಳಗೆ ಹಾಕಿಸಿ, ವಿವರಗಳ ಸಮೇತ ಪೆನ್‌ಡ್ರೈವಿಗೆ ಹಿಂತಿರುಗಿಸಿ ಎಂದು ಕೇಳಿ.